ಮಂಗಳಮ್ಮನ ಕಿವಿಗೆ ಬಿದ್ದ ಫಿಟ್ಟು

ಚಿನಕುರಳಿಯಲ್ಲಿ ಬಟ್ಟೆ ಹೊಲಿಯುವ ಮಂಗಳಮ್ಮನಿಗೆ ಮಿಷನ್ನಿನಷ್ಟೇ ಬಾಯೂ ಜೋರು. ಬೇಸಗೆಯ ಒಂದು ಮಧ್ಯಾಹ್ನ ಅದೇ ಬೀದಿಯ ಚಲುವಮ್ಮ ಯಾರಿಗೋ ಫೋನಿನಲ್ಲಿ ಹೇಳುತ್ತ ಅಂಗಡಿಯ ಮುಂದೆ ಹಾದುಹೋದಳು: "ನಮ್ ಧನುಶ್ರೀನ ಡಾಕ್ಟ್ರು ನೋಡುದ್ರು. ಫಿಟ್ಟು ಅಂತ ಬರ್ದವ್ರೆ ಕಣಕ್ಕ." ಮಿಷನ್ನಿನ ಸದ್ದಿನಲ್ಲಿ ಮಂಗಳಮ್ಮನಿಗೆ ಕೇಳಿಸಿದ್ದು ಫಿಟ್ಸು ಅಂತ.

ಪಾಪ, ಚಲುವಮ್ಮನ ಮಗಳಿಗೆ ಮೂರ್ಛೆರೋಗ ಎಂದು ಮರುಗಿದಳು. ಮರುಗಿ ಸುಮ್ಮನಾಗಲಿಲ್ಲ. ಧನುಶ್ರೀಯನ್ನು ನೋಡಿಹೋಗಿದ್ದ ಗಂಡಿನ ಅಪ್ಪ, ಶೀಳನೆರೆಯ ದೇವರಾಜು, ಅವಳಿಗೆ ವರಸೆಯಲ್ಲಿ ಅಣ್ಣ. "ನಾನ್ ಯೋಳ್ದೆ ಅನ್ಬ್ಯಾಡ ಕಣಣ್ಣ" ಎಂದು ಫೋನಿನಲ್ಲೇ ಕಿವಿಯೂದಿದಳು. ಜಾತಕ ಕೂಡಲಿಲ್ಲ ಎಂದು ಶೀಳನೆರೆಯವರು ಹಿಂದೆ ಸರಿದರು.

ಆಷಾಢ ಕಳೆದ ಮೇಲೆ ಧನುಶ್ರೀ ಖಾಕಿ ಷರಟು ಹಿಡಿದು ಬಂದಳು. ಪೊಲೀಸ್ ಕೆಲಸ ಸಿಕ್ಕಿತ್ತು.

"ಭುಜ ಸಡ್ಲ ಅದೆ. ಫಿಟ್ಟಾಗಿ ಮಾಡ್ಕೊಡಕ್ಕ."

"ಕೆಲ್ಸಕ್ಕೆ... ಡಾಕ್ಟ್ರು ಒಪ್ಪುದ್ರಾ ಮಗ?"

"ಬೇಸ್ಗೇಲೆ ಫಿಟ್ಟು ಅಂತ ಬರ್ಕೊಟ್ರಲ್ಲ! ಅವ್ವ ನೆಂಟ್ರಿಗೆಲ್ಲ ಫೋನಲ್ಲಿ ಸಾರುದ್ಲು."

ಮಂಗಳಮ್ಮನ ಮುಖಕ್ಕೆ ಕೆಂಡ ಹಿಡಿದಂತಾಯಿತು. ಹುಡುಗಿ ಅತ್ತ ಹೋಗುತ್ತಲೂ ಇತ್ತ ದೇವರಾಜುವಿಗೆ ಫೋನು ಮಾಡಿ, ತಾನು ಕೇಳಿಸಿಕೊಂಡದ್ದೇ ತಪ್ಪು ಎಂದಳು.

"ಈಗ ಯೋಳ್ತಿಯಲ್ಲಮ್ಮಿ! ಮಗಂಗೆ ಬ್ಯಾರೆ ಕಡೆ ವೀಳ್ಯದ ಶಾಸ್ತ್ರ ಆಗೋಯ್ತು. ಅವತ್ತು ಚೆನ್ನಾಗಿ ಫಿಟ್ಟಿಂಗ್ ಇಟ್ಟೆ ಬುಡು."

ಫಿಟ್ಟಿಂಗ್ ಇಡುವವಳು! ಚಾಡಿ ಹೇಳಿ ಮನೆ ಕೆಡಿಸುವವರಿಗೆ ಅನ್ನುವ ಮಾತು. ಮರುಕಕ್ಕೆ ಹೇಳಿದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಆದರೆ ಅವತ್ತು ಆ ಸುದ್ದಿ ಹೇಳುವಾಗ ನಾಲಿಗೆಗೆ ಹತ್ತಿದ್ದ ರುಚಿ ಅವಳಿಗೆ ಚೆನ್ನಾಗಿ ನೆನಪಿತ್ತು.

ಮಾರನೆಯ ದಿನ ಷರಟಿಗೆ ಬಂದ ಧನುಶ್ರೀಗೆ ತಲೆ ಎತ್ತದೆ ಎಲ್ಲ ಹೇಳಿದಳು. ಹುಡುಗಿ ಷರಟನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ತಪ್ಪಾಗಿ ಕೇಳುಸ್ತು, ಸರಿ. ನಿಜವಾಗ್ಲೂ ಫಿಟ್ಸೇ ಇದ್ದಿದ್ರೆ ಯೋಳ್ಬೌದಾಗಿತ್ತಾ ಅಕ್ಕ?"

ಮಂಗಳಮ್ಮ ಮಿಷನ್ನಿನ ಮೇಲಿನ ದಾರದ ತುಂಡುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

"ಅವ್ವಂಗೆ ನೀನೇ ಯೋಳು. ಶೀಳನೆರೆಯವ್ರು ಜಾತ್ಕ ಅಂದಿದ್ದು ನೆಪ, ನಿಜ್ವಾಗ್ಲೂ ಯಾಕೆ ಬ್ಯಾಡ ಅಂದ್ರೋ ಅಂತ ಇನ್ನೂ ಕೊರಗ್ತಾವ್ಳೆ."

ಚಲುವಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. "ಬಾ ಮಂಗ್ಳಿ, ಕುಂತ್ಕೊ. ಕಾಪಿ ಕಾಯ್ಸ್ತೀನಿ" ಎಂದಳು. ಮಂಗಳಮ್ಮ ಕೂರಲಿಲ್ಲ, ಕಂಬ ಹಿಡಿದು ನಿಂತೇ ಹೇಳಿ ಮುಗಿಸಿದಳು. ಚಲುವಮ್ಮ ಬೈಯಲಿಲ್ಲ. ಮೊರ ಕೆಳಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೋಗಲೂ ಆಗದೆ, ಕರೆಯಲೂ ಆಗದೆ, ಮಂಗಳಮ್ಮ ಮೊರಕ್ಕೆ ನುಗ್ಗುತ್ತಿದ್ದ ಕೋಳಿಗಳನ್ನು ಓಡಿಸುತ್ತ ಅಲ್ಲೇ ನಿಂತಳು.