ರಾಗಿ ಹಿಟ್ಟಿನ ವೈರಿಗಳು

ಕೊಕ್ಕಿನಲ್ಲಿ ಸಿಕ್ಕಿಕೊಂಡಿರುವುದು ಹುಳುವಲ್ಲ, ಕಾಲು, ಮನುಷ್ಯನ ಕಾಲು, ಬೂಟಿನ ಸಮೇತ — ಅಯ್ಯೋ, ಪಕ್ಕದ ಮನೆ ಮುತ್ಯಾಲಮ್ಮನ ಕೋಳಿ ಯುದ್ಧಭೂಮಿಯ ಮೇಲೆ ನಿಂತಿದೆ, ನಾನು ನೀರು ಸೇದಿಕೊಂಡು ಬರುವಷ್ಟರಲ್ಲಿ ವೈರಿಪಡೆಯನ್ನೆಲ್ಲ ಕುಕ್ಕಿ ಮುಗಿಸಿದೆ, ನಮ್ಮ ಕಡೆಯವರು ಮಾತ್ರ ಕೋವಿ ಹಿಡಿದು ಕೋಳಿಗೇ ಗುರಿಯಿಟ್ಟು ನಿಂತಿದ್ದಾರೆ. ಹುಶ್, ಹೋಗೇ. ಈಗೇನು ಮಾಡಲಿ, ಇವರು ಕ್ಷೌರಕ್ಕೆ ಹೋಗಿದ್ದಾರೆ, ಬಂದ ಕೂಡಲೇ ಗಂಗುಲಪ್ಪನ ಗಾಡಿಯಲ್ಲಿ ಇದನ್ನೆಲ್ಲ ಹೇರಿಕೊಂಡು ಕೋಲಾರದ ವಸ್ತುಪ್ರದರ್ಶನಕ್ಕೆ — ಇವರು ಎಂದರೆ ಚನ್ನರಾಯಪ್ಪ, ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಮನಸ್ಸಿನಲ್ಲಿ ಹೇಳಿಕೊಂಡರೆ ಯಾರಿಗೆ ಕೇಳುತ್ತದೆ, ಚನ್ನರಾಯಪ್ಪ, ಚನ್ನರಾಯಪ್ಪ, ಬಾಂಗ್ಲಾ ಯುದ್ಧ ಮುಗಿಸಿ ಬಂದ ಮೇಲೆ ನಮ್ಮೂರು ವಕ್ಕಲೇರಿಯಲ್ಲಿ ಯಾರು ಕೇಳಿದರೂ ಯುದ್ಧದ ಸುದ್ದಿ ಎತ್ತದೆ, ನಿಮ್ಮ ಹಸು ಹಾಲು ಕೊಡ್ತಿದೆಯಾ ಎಂದು ಮಾತು ತಿರುಗಿಸುತ್ತಿದ್ದವರು, ಈ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಕೊಟ್ಟಿಗೆಯ ಹಳೇ ಬಾಗಿಲು ಕಿತ್ತು ಅಂಗಳದಲ್ಲಿ ಮಲಗಿಸಿ ಅದರ ಮೇಲೆ ಹುತ್ತದ ಮಣ್ಣು ಸುರಿದು ಪ್ರದರ್ಶನಕ್ಕೆಂದು ಯುದ್ಧಭೂಮಿಯ ಮಾದರಿ ಕಟ್ಟತೊಡಗಿದರು. ಹಿಪ್ಪುನೇರಳೆ ಕಡ್ಡಿಯ ಕಾಡು, ಜಾಲಿಮುಳ್ಳಿನ ತಂತಿಬೇಲಿ, ರೇಷ್ಮೆಗೂಡನ್ನು ಅರ್ಧಕ್ಕೆ ಕತ್ತರಿಸಿ ಡೇರೆಗಳು, ಮಾವಿನ ವಾಟೆಯ ಟ್ಯಾಂಕಿಗೆ ಹರಳುಬೀಜದ ಗಾಲಿ, ಅಕ್ಕಪಕ್ಕದವರು ನಕ್ಕರೂ ಇವರಿಗೆ ನಗುವಿಲ್ಲ, ಮರ ಆಳಿಗಿಂತ ಇಷ್ಟೇ ಎತ್ತರ ಇರ್ಬೇಕು, ಜಾಸ್ತಿಯಾದ್ರೆ ಸುಳ್ಳಾಗುತ್ತೆ ಕಣೇ ಎಂದು ಕಡ್ಡಿಗಳನ್ನು ಅಳೆದು ಅಳೆದು ಮುರಿಯುತ್ತಿದ್ದರು. ಸೊಪ್ಪಿನ ರಸ ಬಳಿದ ನಮ್ಮ ಸೈನಿಕರು ಕೆರೆಮಣ್ಣಿನವರು, ಒಲೆಯಲ್ಲಿ ಸುಟ್ಟವರು, ಗಟ್ಟಿಗರು, ವೈರಿಗಳಿಗೆ ಮಾತ್ರ ರಾಗಿ ಹಿಟ್ಟು — ಅರಿಶಿನ ಬೆರೆಸಿದರೆ ಖಾಕಿ ಬಣ್ಣ ತಾನಾಗಿಯೇ ಬರುತ್ತದಂತೆ, ರುಚಿಯೂ ಬರುತ್ತದೆ ಎಂಬುದು ಕೋಳಿಗಷ್ಟೇ ಹೊಳೆಯಿತು.

ಇವರು ಬರುವಷ್ಟರಲ್ಲಿ ನಾನೇ ಹೊಸ ವೈರಿಗಳನ್ನು ಮಾಡಿಬಿಡಬೇಕು, ಹಿಟ್ಟು ಕಲಸಿದ್ದಾಯಿತು, ಅರಿಶಿನವೂ ಬಿತ್ತು, ಆದರೆ ವೈರಿ ಹೇಗಿರುತ್ತಾನೆ, ಕೋಳಿ ತಿಂದವರಿಗೆ ಮುಖವೇ ಇರಲಿಲ್ಲ, ನಿಜದ ಒಬ್ಬನನ್ನಾದರೂ ನೋಡಿದ್ದರೆ ತಾನೇ, ಒಂದು ಸಲ ಇವರನ್ನೇ ಕೇಳಿದ್ದೆ, ಅವರೆಲ್ಲ ಹೆಂಗಿರ್ತಾರೆ ಅಂತ, ನಮ್ಮಂಗೇ ಎಂದು ಹೇಳಿ ಎದ್ದು ಹಿತ್ತಿಲಿಗೆ ಹೋಗಿಬಿಟ್ಟರು. ನಮ್ಮಂಗೇ ಅಂದರೆ ಯಾರಂಗೆ — ಮೊದಲನೆಯವನಿಗೆ ಹಾಲು ಅಳೆಯುವ ಪೆದ್ದಪ್ಪನ ಮೂಗು, ದಿನಾ ನಾನು ತಂದ ಹಾಲು ನೋಡಿ ಮುರಿಯುವ ಮೂಗು, ಇಟ್ಟೆ, ಸಮಾಧಾನವಾಯಿತು, ಎರಡನೆಯವನಿಗೆ ಮುತ್ಯಾಲಮ್ಮನ ದವಡೆ, ಕೋಳಿ ಸಾಕಿದ ತಪ್ಪಿಗೆ ಅವಳೂ ಒಂದು ಗುಂಡು ತಿನ್ನಲಿ, ದಳಪತಿ ನನ್ನ ಸೋದರತ್ತೆ, ಮೀಸೆ ಸಮೇತ. ಬಿಸಿಲಲ್ಲಿ ಒಣಗಿಸಲು ಹೊತ್ತಿಲ್ಲ, ರೊಟ್ಟಿ ಹೆಂಚಿನ ಮೇಲೆ ಸಾಲಾಗಿ ಮಲಗಿಸಿದೆ, ಎಷ್ಟು ಒಳ್ಳೆಯ ಘಮ, ಬೆಳಗಿನಿಂದ ಏನೂ ತಿಂದಿಲ್ಲ, ಒಬ್ಬನನ್ನು ಬಾಯಿಗೆ — ಛೆ, ನನಗೂ ಕೋಳಿಗೂ ಏನು ವ್ಯತ್ಯಾಸ. ಕೊನೆಯ ಉಂಡೆಗೆ ಬರುವಷ್ಟರಲ್ಲಿ ಸಿಟ್ಟು ತೀರಿಸಿಕೊಳ್ಳಲು ಊರಿನಲ್ಲಿ ಯಾರೂ ಉಳಿದಿರಲಿಲ್ಲ, ಬೆರಳು ತಾನಾಗಿಯೇ ಅಗಲ ಕಿವಿ ಎಳೆಯಿತು, ಇವರದೇ ಕಿವಿ, ಬಾಗಿಲಲ್ಲಿ ನಿಂತರೆ ಬಿಸಿಲು ಕೆಂಪಗೆ ತೂರಿ ಬರುವ ಕಿವಿ.

ಎಲ್ಲರನ್ನೂ ಕಂದಕದಲ್ಲಿ ನಿಲ್ಲಿಸುವಷ್ಟರಲ್ಲಿ ಚಪ್ಪಲಿ ಸದ್ದು, ಇವರು ಬಂದರು, ಕುಕ್ಕರಗಾಲಲ್ಲಿ ಕೂತು ನೋಡುತ್ತಾರೆ, ನಾನು ಕೋಳಿ ಅಂದೆ, ಮುತ್ಯಾಲಮ್ಮ ಅಂದೆ, ಇವರಿಗೆ ಕೇಳಿಸಲಿಲ್ಲ, ಕಂದಕದಲ್ಲಿ ಪೆದ್ದಪ್ಪನ ಗುರುತು ಹತ್ತಿತು, ಹೊಟ್ಟೆ ಹಿಡಿದುಕೊಂಡು ನಕ್ಕರು, ದಳಪತಿಯನ್ನು ನೋಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು, ಸೈನ್ಯದಿಂದ ಬಂದ ಮೇಲೆ ಈ ನಗು ನಾನು ಕೇಳಿಯೇ ಇಲ್ಲ — ಕೊನೆಯವನ ಹತ್ತಿರ ಬಂದು ನಗು ನಿಂತಿತು, ಎರಡು ಬೆರಳಲ್ಲಿ ಎತ್ತಿಕೊಂಡರು. ಇವನ ವಿಷ್ಯ ನಿಂಗ್ಯಾರು ಹೇಳಿದ್ರು. ಯಾರೂ ಇಲ್ಲ, ನಿಮ್ಮ ಕಿವಿ ಅಂತ ಮಾಡಿದೆ ಅಂದೆ. ಯುದ್ಧದಲ್ಲಿ ಒಬ್ಬ ಹಿಂಗೇ ಇದ್ದ ಕಣೇ, ಹಳ್ಳದ ಆ ಕಡೆ ನೀರು ಕುಡೀತಿದ್ದ, ಈ ಕಡೆ ನಾನು, ಅವನೂ ಕೋವಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ, ಕುಡಿದು ಎದ್ದು ಹೋದ್ವಿ, ಯಾರಿಗೆ ಅಂತ ಹೇಳೋದು ಇದನ್ನ. ನನಗೆ ಹೇಳಿದಿರಲ್ಲ ಅಂದೆನೋ, ಅನ್ನಬೇಕು ಅಂದುಕೊಂಡೆನೋ, ಅಷ್ಟರಲ್ಲಿ ಗಂಗುಲಪ್ಪ ಬೀದಿಯಿಂದ ಕೂಗಿದ, ಬಾಗಿಲು ಎತ್ತಿದ್ದಾಯಿತು, ಕಾಡು ಅಲುಗಿತು, ಟ್ಯಾಂಕು ಉರುಳಿತು, ನಿಲ್ಲಿಸಿದೆವು, ಆ ಕೊನೆಯವನನ್ನು ಮಾತ್ರ ಇವರು ವಾಪಸ್ಸು ಇಡಲಿಲ್ಲ, ಗಾಡಿ ಹೊರಟಿದೆ, ಹಿಂದೆ ಕೂತು ಎರಡೂ ಕೈಯಲ್ಲಿ ಯುದ್ಧವನ್ನು ಒತ್ತಿ ಹಿಡಿದಿದ್ದಾರೆ, ಅಂಗಿಯ ಜೇಬಿನ ಅಂಚಿನಲ್ಲಿ, ಬಿಸಿಲಿಗೆ, ಕಿವಿ, ಅಗಲವಾದ ಎರಡು ಕಿವಿ —