ಅರ್ಧ ಹಳದಿ, ಅರ್ಧ ಕೆಂಪು

“ಏ ಕರೆವ್ವಾ! ಮತ್ತ ಎದ್ದಿ ಏನಬೇ? ನಿನ್ನ ಉಚ್ಚಿಗೇ ಒಂದು ಕಾಲುವಿ ತೋಡಸ್ಬೇಕೇನ ರಂಡಿ? ಬಗ್ಗು, ಸಸಿ ಹಚ್ಚು!”

ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಬಸವಂತರಾಯ ಗೌಡನ ಕೂಗಿಗೆ ಕರೆಮ್ಮ ಮತ್ತೆ ಬಗ್ಗಿದಳು. ಕೆಳಹೊಟ್ಟೆಯಲ್ಲಿ ಕೆಂಡ ಇಟ್ಟಂತಿತ್ತು. ಗದ್ದೆಯಲ್ಲಿ ಕಾಲು ಮುಳುಗುವಷ್ಟು ನೀರಿದ್ದರೂ ಹೆಂಗಸರು ಬೆಳಗಿನಿಂದ ಗುಟುಕು ನೀರು ಕುಡಿಯುವುದಿಲ್ಲ. ಕುಡಿದರೆ ಏಳಬೇಕು, ಎದ್ದರೆ ಗೌಡನ ಬಾಯಿ.

ಇವತ್ತು ಅವಳಿಗೆ ಗೌಡನಿಗಿಂತ ಹೆಚ್ಚು ಹೆದರಿಕೆ ಚಳಿಯದು. ಸುಡುಬಿಸಿಲಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದವು. ಹೋದ ವರ್ಷ ಅಕ್ಕ ರತ್ನಾಬಾಯಿಗೂ ಮೊದಲು ಉರಿಮೂತ್ರ, ಆಮೇಲೆ ಬೆನ್ನುನೋವು, ಆಮೇಲೆ ಇಂಥದೇ ಚಳಿ. ಸುರಪುರದ ಆಸ್ಪತ್ರೆ ಮುಟ್ಟುವ ಮೊದಲೇ ಅಕ್ಕ ಟಂಟಂ ಆಟೋದಲ್ಲಿ ತಣ್ಣಗಾಗಿದ್ದಳು.

ಪಕ್ಕದ ಸಾಲಿನ ಪಂಚಶೀಲಾಗೂ ಇದೇ ಬೇನೆ ಬಂದಿತ್ತು. ಸರಕಾರಿ ದವಾಖಾನೆ ಕರೆಮ್ಮನಿಗೆ ಹಳದಿ ಗುಳಿಗೆ ಕೊಟ್ಟರೆ, ಊರಿನ ಡಾಕ್ಟರು ಪಂಚಶೀಲಾಗೆ ಕೆಂಪು ಗುಳಿಗೆ ಕೊಟ್ಟಿದ್ದರು. ಇಬ್ಬರೂ ರೊಟ್ಟಿಯಂತೆ ಅದನ್ನೂ ಹಂಚಿಕೊಂಡರು. “ನಿಂದ್ ಅರ್ಧ, ನಂದ್ ಅರ್ಧ. ಯಾವ್ದರ ನಾಟ್ಲಿ ತಂಗಿ,” ಎಂದವಳು ಕರೆಮ್ಮನೇ. ಪಂಚಶೀಲಾಗೆ ನಾಟಿತು. ಇವಳಿಗೆ ಎರಡೂ ನಾಟಲಿಲ್ಲ.

ನಿನ್ನೆ ದವಾಖಾನೆಯ ನರ್ಸ್ ಸವಿತಾ ಹಣೆ ಚಚ್ಚಿಕೊಂಡಿದ್ದಳು. “ಗುಳಿಗಿ ಏನ್ ಪ್ರಸಾದ ಏನವ್ವಾ ಹಂಚಾಕ? ಅರ್ಧಕ್ಕ ಬಿಟ್ರ ರೋಗ ಬಲೀತದ. ಈ ಡಬ್ಬ್ಯಾಗ ಉಚ್ಚಿ ತಗೊಂಡ್ ಬಾ. ಪರೀಕ್ಷಾ ಮಾಡಿದ್ರ ಯಾವ ಗುಳಿಗಿ ನಾಟ್ತದ ಅಂಬೋದು ತಿಳೀತದ. ನೀರ ಕುಡಿ, ತಡದ್ ಇಟ್ಕೋಬ್ಯಾಡ.”

ಇವತ್ತು ಬೆಳಕು ಹರಿಯುವ ಮೊದಲೇ ಕೂಲಿಯವರನ್ನು ಒಯ್ಯಲು ಗೌಡನ ಟಂಟಂ ಓಣಿಗೆ ಬಂದಿತ್ತು. ಡಬ್ಬಿ ಖಾಲಿಯಾಗಿಯೇ ಉಡಿಯಲ್ಲಿ ಉಳಿದಿತ್ತು.

“ಗೌಡ್ರ, ದವಾಖಾನಿಗಿ ಹೋಗಿ ಬರ್ತೀನ್ರಿ. ಚಳಿಜ್ವರ ಬಂದಾವ್ರಿ.” ಕರೆಮ್ಮ ಮತ್ತೆ ಎದ್ದು ನಿಂತಳು.

“ನಮ್ಮ ಮನ್ಯಾಕಿಗೂ ಬಂದಿತ್ತು ಆ ಬ್ಯಾನಿ. ಕಾರಿನ್ಯಾಗ ಯಾದಗಿರಿಗಿ ಒಯ್ದು ಪರೀಕ್ಷಾ ಮಾಡ್ಸೀನಿ. ನಿಮಗ್ಯಾಕಬೇ ಪರೀಕ್ಷಾ? ಗಟ್ಟಿ ಮಂದಿ ನೀವು. ಬಗ್ಗು!”

ಅವಳು ಬಗ್ಗಲಿಲ್ಲ. ಸಸಿಯ ಕಟ್ಟನ್ನು ನೀರಿಗೆ ಬಿಟ್ಟು ಬದು ಹತ್ತಿ, ಉಡಿಯಿಂದ ಡಬ್ಬಿ ತೆಗೆದು ಅಲ್ಲೇ ಕುಕ್ಕರಗಾಲಲ್ಲಿ ಕುಳಿತಳು. ಪಂಚಶೀಲಾ ಓಡಿಬಂದು ಸೆರಗು ಅಡ್ಡ ಹಿಡಿದಳು. ಉಳಿದ ಹೆಂಗಸರೂ ಕೆಸರುಗಾಲಲ್ಲಿ ಬಂದು ಸುತ್ತ ನಿಂತರು.

“ಏ! ನನ್ನ ಬದುವಿನ ಮ್ಯಾಲ...” ಗೌಡ ಅರಚಿದ. ಯಾರೂ ತಿರುಗಿ ನೋಡಲಿಲ್ಲ.

ಉರಿ ತಾಳಲಾರದೆ ಕರೆಮ್ಮ ಪಂಚಶೀಲಾಳ ಕಾಲನ್ನು ಬಿಗಿಯಾಗಿ ಹಿಡಿದುಕೊಂಡಳು. ಎದ್ದವಳು ಡಬ್ಬಿಯನ್ನು ಬಿಸಿಲಿಗೆ ಎತ್ತಿ ನೋಡಿದಳು. ಕೆಂಪಾಗಿತ್ತು.

“ಅಕ್ಕಂದೂ ಹಿಂಗೇ ಇತ್ತೇನ?”

ಪಂಚಶೀಲಾ ಸೆರಗು ಸರಿಸಿ ದಾರಿ ಬಿಟ್ಟಳು. ಕರೆಮ್ಮ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ದವಾಖಾನೆಯ ದಾರಿಗೆ ಅಡ್ಡ ನಿಂತಿದ್ದ ಗೌಡನ ಕಡೆಗೇ ನಡೆದಳು.

“ಬಾಜೂ ಸರಿ ಗೌಡ. ಚೆಲ್ಲಿದ್ರ ನಿನ್ ಮ್ಯಾಲೇ ಚೆಲ್ತದ.”