ಬಲಗೈ ಸಕ್ಕರೆ, ಎಡಗೈ ಸಕ್ಕರೆ

ಆಲ್ದೂರಿನ ಹತ್ತಿರದ ಆ ವೃದ್ಧಾಶ್ರಮದಲ್ಲಿ ಸೂಜಿ ಚುಚ್ಚುವ ಕೆಲಸ ಕಲ್ಲಮ್ಮನ ಪಾಲಿಗೆ ಬಂದದ್ದು ಮೊನ್ನೆ ಮೊನ್ನೆ. ಅಲ್ಲಿವರೆಗೆ ಅವಳದ್ದು ಮುದುಕರಿಗೆ ಸ್ನಾನ ಮಾಡಿಸುವುದು, ಗಂಜಿ ಕುಡಿಸುವುದು. ಚಿಕ್ಕಮಗಳೂರಿನಿಂದ ಬಂದ ನರ್ಸ್ ಅಫ್ರೀನ್, ಮೋಸಂಬಿಗೆ ಚುಚ್ಚಿಸಿ ಚುಚ್ಚಿಸಿ ಇನ್ಸುಲಿನ್ ಕೊಡುವುದನ್ನು ಕಲಿಸಿ ಹೋಗಿದ್ದಳು. ಬೆರಳ ರಕ್ತದಲ್ಲಿ ಸಕ್ಕರೆ ನೋಡುವ ಪುಟ್ಟ ಮೆಷಿನ್ನನ್ನೂ ಕೊಟ್ಟಿದ್ದಳು. ಮೆಷಿನ್ ಮುನ್ನೂರು ದಾಟಿದರೆ ಡಾಕ್ಟರು ಹೇಳಿದ ಹೆಚ್ಚಿನ ಡೋಸು. ಬೆವರು, ನಡುಕ ಬಂದರೆ ಸಕ್ಕರೆ ಇಳಿದಿದೆ ಅಂತ ಅರ್ಥ. ಆಗ ಸೂಜಿ ಚುಚ್ಚಿದರೆ ಜೀವಕ್ಕೇ ಕುತ್ತು. ಕಲ್ಲಮ್ಮನಿಗೆ ಎರಡೂ ಬಾಯಿಪಾಠ. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಆ ಬೆಳಿಗ್ಗೆ ಎರಡೂ ಒಟ್ಟಿಗೇ ಬಂದವು. ಒಂದು ಕಾಲಕ್ಕೆ ದೊಡ್ಡ ತೋಟ ಆಳಿದ್ದ ಓಂಕಾರಮೂರ್ತಿ, ತಿಂಡಿಗೆ ಮೊದಲಿನ ತಿರುಗಾಟ ಮುಗಿಸಿ ಕುರ್ಚಿಯಲ್ಲಿ ಕುಸಿದರು. ಡಿಸೆಂಬರಿನ ಚಳಿಯಲ್ಲೂ ಹಣೆ ತುಂಬ ಬೆವರು, ಕೈ ನಡುಕ. ಕಲ್ಲಮ್ಮ ಅವರ ಬಲಗೈ ಬೆರಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಚುಚ್ಚಿ ನೋಡಿದಳು. ಮುನ್ನೂರ ಎಪ್ಪತ್ತು.

ಸಿರಿಂಜಿಗೆ ಔಷಧಿ ಎಳೆದುಕೊಂಡಳು. ಚುಚ್ಚಲು ಕೈ ಬರಲಿಲ್ಲ.

"ಏನು ಮಾರಾಯ್ತಿ, ಮೇಸ್ತ್ರಿಗೆ ಕಾಯೋ ಕೂಲಿಯಂಗೆ ನಿಂತ್ಬಿಟ್ಟೆ? ಚುಚ್ಚೋದಾದ್ರೆ ಚುಚ್ಚು, ಕಡುಬು ಆರಿಹೋಗುತ್ತೆ."

"ಸ್ವಲ್ಪ ತಡೀರಿ ಸಾವ್ಕಾರ್ರೆ."

ಅವಳು ಅಫ್ರೀನ್‌ಗೆ ಫೋನು ಮಾಡಿ ಸ್ಪೀಕರ್ ಹಾಕಿದಳು. "ಮೆಷಿನ್ ಏರಿದೆ ಅನ್ನುತ್ತೆ ಸಿಸ್ಟರ್. ಮೈ ನೋಡಿದ್ರೆ ಇಳಿದಂಗಿದೆ. ಯಾರ ಮಾತು ಕೇಳ್ಲಿ?"

"ಇನ್ನೊಂದು ಕೈಯಲ್ಲಿ ನೋಡಿ ಕಲ್ಲಮ್ಮ," ಅಂದಳು ಅಫ್ರೀನ್.

ಎಡಗೈಯಲ್ಲಿ ಐವತ್ತೆರಡು.

ಕಲ್ಲಮ್ಮನ ತಲೆ ಪೂರಾ ಕೆಟ್ಟಿತು. ಒಬ್ಬರೇ ಮನುಷ್ಯ, ಬಲಕ್ಕೊಂದು ಸಕ್ಕರೆ, ಎಡಕ್ಕೊಂದು ಸಕ್ಕರೆ.

"ಬಲಗೈಯಲ್ಲಿ ಏನಾದ್ರೂ ಮುಟ್ಟಿದ್ರಾ ಕೇಳಿ," ಅಂದಳು ಅಫ್ರೀನ್.

"ಏನು ಮುಟ್ಟೋದು?" ಮೂರ್ತಿಯವರ ನಾಲಿಗೆ ತೊದಲುತ್ತಿತ್ತು. "ಬೇಲಿ ಹತ್ರದ ಗಿಡದಲ್ಲಿ ಕಾಫಿ ಹಣ್ಣು ಹಿಸುಕಿ ನೋಡ್ದೆ. ಕೊಯ್ಲಿಗೆ ಬಂತೋ ಇಲ್ವೋ ನೋಡ್ಬೇಡ್ವಾ? ಎಡಗೈಲಿ ದೊಣ್ಣೆ ಇರುತ್ತಲ್ಲ."

ಕಲ್ಲಮ್ಮ ಆ ಬೆರಳು ಮುಟ್ಟಿ ನೋಡಿದಳು. ಅಂಟು. ಮೊದಲು ಚುಚ್ಚುವಾಗಲೂ ಅಂಟಾಗಿಯೇ ಇತ್ತು, ಹಣ್ಣು ಕುಯ್ದೇ ಬೆಳೆದ ಅವಳಿಗೆ ಕೊಯ್ಲಿನ ಕಾಲದ ಕೈ ಅಂಟಾಗಿರುವುದು ವಿಶೇಷ ಅನ್ನಿಸಿರಲಿಲ್ಲ.

"ಅದು ಹಣ್ಣಿನ ಸಿಹಿ, ರಕ್ತದ್ದಲ್ಲ. ಸ್ಪಿರಿಟ್ಟಲ್ಲಿ ಒರೆಸಿದ್ರೆ ಹೋಗಲ್ಲ, ನೀರಲ್ಲೇ ತೊಳೀಬೇಕು," ಅಂದಳು ಅಫ್ರೀನ್ ಅವಸರದಿಂದ. "ಸೂಜಿ ಬೇಡ. ಮೊದಲು ಸಕ್ಕರೆ ನೀರು ಕುಡಿಸಿ."

ಲೋಟ ಖಾಲಿಯಾಗಿ ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಮೂರ್ತಿಯವರು ಮೀಸೆ ಒರೆಸಿಕೊಂಡು, "ಇಷ್ಟು ಸಿಹಿ ಈ ಮನೇಲಿ ಇದೇ ಮೊದಲು ಸಿಕ್ಕಿದ್ದು," ಅಂದರು.

ಕಲ್ಲಮ್ಮನಿಗೆ ನಗು ಬರಲಿಲ್ಲ. "ಸಾವ್ಕಾರ್ರೆ, ನಿನ್ನೆನೂ ಹಿಸುಕಿದ್ರಾ?"

"ದಿನಾ ಹಿಸುಕ್ತೀನಿ. ಯಾಕೆ?"

ಅವಳು ಮತ್ತೆ ಫೋನಿನತ್ತ ಬಾಗಿದಳು. "ಸಿಸ್ಟರ್, ಡಾಕ್ಟರು ಮೊನ್ನೆ ಇವರ ಡೋಸು ಏರಿಸಿದ್ದು ನಾನು ದಿನಾ ಹೇಳಿದ ಮೆಷಿನ್ ಲೆಕ್ಕ ನೋಡಿ ಅಲ್ವಾ? ಅದೆಲ್ಲ ಈ ಬಲಗೈ ಲೆಕ್ಕ."

ಆ ಕಡೆ ಅಫ್ರೀನ್ ಹಾಳೆ ತಿರುಗಿಸುವ ಸದ್ದು ಕೇಳಿಸಿತು.

"ಡಾಕ್ಟರನ್ನ ಈಗಲೇ ಕೇಳ್ತೀನಿ," ಅಂದಳು ಅಫ್ರೀನ್ ಕೊನೆಗೆ. "ಅಲ್ಲಿವರೆಗೆ ಅವರ ಪಕ್ಕದಲ್ಲೇ ಕೂತಿರಿ."

ಕಲ್ಲಮ್ಮ ಕೂತಳು. ತುಂಬಿದ ಸಿರಿಂಜು ಇನ್ನೂ ಪಕ್ಕದ ಮೇಜಿನ ಮೇಲೇ ಇತ್ತು. ತುಂಬಿಸಿ ಚುಚ್ಚದೆ ಉಳಿದದ್ದನ್ನು ಏನು ಮಾಡಬೇಕೆಂದು ಮೋಸಂಬಿಯ ಮೇಲೆ ಕಲಿಯುವಾಗ ಅವಳೂ ಕೇಳಿರಲಿಲ್ಲ.